ಸೇತುವೆಯಾಚೆಗೂ ವಿಮೆ ಇದೆಯಾ?

ಬಡಗಿಯ ನಾದಿನಿಗೆ ಹೆಣ್ಣುಮಗು ಹುಟ್ಟಿತ್ತು. ಆಕೆಯ ಮನೆ ನದಿಯಾಚೆ. ಸೇತುವೆ ದಾಟಿದರೆ ಬೇರೆ ದೇಶ, ಆದರೆ ನಮ್ಮ ಬಡಗಿಗೆ ಅದು ಪಕ್ಕದ ಬೀದಿ ಇದ್ದ ಹಾಗೆ. ಇಷ್ಟು ದಿನ ಗಂಡ ಹೆಂಡತಿ ಬಸ್ಸಿನಲ್ಲೇ ಹೋಗಿ ಬರುತ್ತಿದ್ದರು. ಈ ಸಲ ಅವನು ಕೈಯಾರೆ ಮಾಡಿದ ತೊಟ್ಟಿಲು ಬಸ್ಸಿಗೆ ಹಿಡಿಸುವುದಿಲ್ಲ. ಕಾರಿನ ಹಿಂದಿನ ಸೀಟು ಮಡಚಿ, ತೊಟ್ಟಿಲು ಏರಿಸಿ ಹಗ್ಗ ಬಿಗಿಯುತ್ತಿದ್ದ. ಮಗುವನ್ನು ಎತ್ತಿಕೊಳ್ಳುವ ಆಸೆಗೆ ಹೆಂಡತಿಯ ಕಾಲು ನೆಲದ ಮೇಲಿರಲಿಲ್ಲ.

ಎದುರು ಮನೆಯ ಹುಡುಗಿ ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದವಳು. ಗೇಟಿನ ಹತ್ತಿರ ನಿಂತು ಕೇಳಿದಳು, “ಅಣ್ಣಾ, ಕಾರಿನ ವಿಮೆ ಆ ಕಡೆ ನಡೆಯುತ್ತಾ ಅಂತ ವಿಚಾರಿಸಿದ್ರಾ?”

“ವಿಚಾರಿಸೋದೇನಮ್ಮಾ? ಸೇತುವೆ ಇಳಿದ ಕೂಡಲೇ ನಿಮ್ಮ ಕಂಪನಿ ಬೋರ್ಡೇ ಕಾಣುತ್ತೆ. ಅದೇ ಹೆಸರು, ಅದೇ ನೀಲಿ ಬಣ್ಣ!”

“ಬೋರ್ಡು ಒಂದೇ ಅಣ್ಣಾ, ಕಾನೂನು ಬೇರೆ. ಒಂದೊಂದು ದೇಶಕ್ಕೆ ಒಂದೊಂದು ನಿಯಮ. ಕೆಲವು ದೇಶಗಳಲ್ಲಿ ಪ್ರಾಂತ್ಯ ಬದಲಾದ್ರೂ ನಿಯಮ ಬದಲಾಗುತ್ತೆ. ನೀವು ನಮ್ಮಲ್ಲಿ ಮಾಡಿಸಿರೋ ಪಾಲಿಸಿ ಈ ದಡಕ್ಕೆ ಮಾತ್ರ. ಆ ಕಡೆ ಯಾರಿಗಾದ್ರೂ ಗುದ್ದಿದ್ರೆ ಖರ್ಚೆಲ್ಲ ನಿಮ್ಮ ತಲೆ ಮೇಲೆ. ಕಾರನ್ನೂ ಹಿಡಿದಿಟ್ಕೋಬಹುದು.”

“ನಾನು ಗುದ್ದೋ ಪೈಕಿ ಅಲ್ಲ ಬಿಡು.”

“ಹೌದಾ? ನಮ್ಮ ಗೇಟನ್ನ ಕೇಳೋಣ್ವಾ?” ಹೆಂಡತಿ ಸೊಂಟದ ಮೇಲೆ ಕೈಯಿಟ್ಟಳು. “ಈ ಮನೆಗೆ ಅಳತೆ ತಗೊಂಡ ಬಾಗಿಲನ್ನ ಎದುರು ಮನೆಗೆ ಕೂರಿಸ್ತೀರಾ ನೀವು?”

ಅಳತೆಯ ಮಾತು ಬಂದರೆ ಬಡಗಿ ಸೋತ ಹಾಗೆಯೇ. ತಲೆ ಕೆರೆದುಕೊಂಡು, “ಹಾಗಾದ್ರೆ ತೊಟ್ಟಿಲು ಇಳಿಸಲಾ?” ಅಂದ.

“ಬೇಡಣ್ಣಾ. ಗಡಿಯಾಚೆಗೂ ವಿಮೆ ಮಾಡಿಸ್ಕೋಬಹುದು. ನಡೀರಿ ಕಚೇರಿಗೆ,” ಅಂದಳು ಹುಡುಗಿ.

ಆ ಕಡೆಗೂ ನಡೆಯುವ ವಿಮೆ ಮಾಡಿಸಿ, ಕಾಗದ ಜೇಬಿಗಿಟ್ಟುಕೊಂಡು ಮಾರನೆಯ ಬೆಳಿಗ್ಗೆ ಸೇತುವೆ ದಾಟಿದರು. ನಾದಿನಿಯ ಓಣಿ ಇಕ್ಕಟ್ಟು. ತೊಟ್ಟಿಲಿಗೆ ಏಟಾದೀತೆಂದು ಅದನ್ನೇ ನೋಡುತ್ತಾ ಕಾರು ಹಿಂದೆ ತೆಗೆದ ಬಡಗಿ, ಅಲ್ಲಿ ನಿಂತಿದ್ದ ಬೇರೊಂದು ಕಾರಿನ ದೀಪ ಒಡೆದೇಬಿಟ್ಟ! ಅದರ ಯಜಮಾನ ಕಣ್ಣು ಕೆಂಪಗೆ ಮಾಡಿಕೊಂಡು ಬಂದ. ತನ್ನ ದೇಶದಲ್ಲಿ ನಡೆಯುವ ವಿಮೆಯ ಕಾಗದ ನೋಡಿ ತಣ್ಣಗಾದ. ನೀಲಿ ಬೋರ್ಡಿನವರಿಗೆ ಫೋನ್ ಮಾಡಿದ್ದಾಯಿತು, ದೀಪದ ಖರ್ಚು ಅವರೇ ನೋಡಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಮಗು ತೊಟ್ಟಿಲಲ್ಲಿ ಮಲಗಿತ್ತು. ಬಡಗಿ ಹೆಂಡತಿಯ ಕಿವಿಯಲ್ಲಿ, “ನೀನು ಹೇಳಿದ್ದು ಒಳ್ಳೇದಾಯ್ತು ಕಣೇ,” ಅಂದ.

ನೀವೂ ಕಾರಿನಲ್ಲಿ ಗಡಿ ದಾಟಲಿದ್ದೀರಾ? ಹೋಗುವ ಜಾಗ ಯಾವುದೆಂದು ಹೇಳಿ, ನಿಮ್ಮ ಪಾಲಿಸಿ ಅಲ್ಲಿ ನಡೆಯುತ್ತದೆಯೇ ಎಂದು ವಿಮಾ ಕಚೇರಿಯಲ್ಲಿ ಕೇಳಿ. ನಡೆಯದಿದ್ದರೆ ಬೇಕಾದ್ದನ್ನು ಮಾಡಿಸಿ, ಕಾಗದ ಕೈಗೆ ಬಂದ ಮೇಲೆ ಹೊರಡಿ. ಪಕ್ಕದ ಸೀಟಿನಲ್ಲಿ ಕೂತವರು ನಿಮ್ಮನ್ನು ನಂಬಿ ಕೂತಿರುತ್ತಾರೆ.