ವರದಿಯ ಮೂರನೆಯ ಸಾಲು

ಮಂಜೂರು ಊರಿನ ಶಾಲೆ ಕೊಟ್ಟ ವರದಿ ಇಂಗ್ಲಿಷಿನಲ್ಲಿತ್ತು, ತಂಗಮಣಿಗೆ ಓದಲು ಬಾರದು. ಎಂಟು ವರ್ಷದ ಮಗಳು ಅಭಿನಯಾಳಿಗೆ ಮಾತು ತಡವಾಗಿ ಬಂದಿತ್ತು, ಗದ್ದಲವಾದರೆ ಕಿವಿ ಮುಚ್ಚಿಕೊಂಡು ಚೀರುತ್ತಿದ್ದಳು. ಅಷ್ಟನ್ನು ತಾಯಿ ಬಲ್ಲಳು. ಟೀಚರ್ ವಸಂತಾಮಣಿ ಸಾಲುಸಾಲಾಗಿ ತಮಿಳಿನಲ್ಲಿ ಬಿಡಿಸಿ ಹೇಳಿದರು. ಕಲಿಕೆ ನಿಧಾನ. ಗಮನ ನಿಲ್ಲದು. ಮೂರನೆಯ ಸಾಲಿಗೆ ಬಂದಾಗ ದನಿ ಇಳಿಯಿತು: ಈ ಮಗುವಿನಿಂದ ಇತರ ಮಕ್ಕಳಿಗೆ ಅಪಾಯ.

ನಲ್ಲಿಯ ಹತ್ತಿರದ ನೂಕಾಟದಲ್ಲಿ ಅಭಿನಯಾ ಒಬ್ಬ ಹುಡುಗಿಯನ್ನು ತಳ್ಳಿದ್ದರಿಂದ ಆ ಹುಡುಗಿಯ ಹಲ್ಲು ಮುರಿದಿತ್ತಂತೆ. ಹೀಗೆ ಬರೆದರೆ ಊಟಿಯ ವಿಶೇಷ ಮಕ್ಕಳ ಕೇಂದ್ರದಲ್ಲಿ ಬೇಗ ಜಾಗ ಸಿಗುತ್ತದೆ, ಅಲ್ಲಿಯವರೆಗೆ ಮಗು ಮನೆಯಲ್ಲಿರಲಿ ಎಂದರು ಟೀಚರ್. ತಂಗಮಣಿ ಸಹಿ ಹಾಕಿದಳು.

ಮಗಳೊಂದಿಗೆ ಬಸ್ಸಿನಲ್ಲಿ ಬರುವಾಗಲೂ ಅವಳು ಅಪಾಯವೆಂಬ ಆ ಮಾತನ್ನು ನಂಬಿರಲಿಲ್ಲ. ಮನೆ ಹೊಕ್ಕವಳೇ ಅಭಿನಯಾ ಐದು ತಿಂಗಳ ತಂಗಿಯ ಪಕ್ಕ ಉರುಳಿ, ಅದರ ಹೊಟ್ಟೆಗೆ ಮೂಗು ಉಜ್ಜಿದಳು. ಕೂಸು ಕೇಕೆ ಹಾಕಿತು. ಅಳುವೋ ನಗುವೋ ತಿಳಿಯುವ ಮೊದಲೇ ತಂಗಮಣಿ ಓಡಿ ಅದನ್ನು ಎತ್ತಿಕೊಂಡಳು. ಅದು ನಗುತ್ತಿತ್ತು.

ಮರುದಿನದಿಂದ ಕೂಸನ್ನು ಅತ್ತೆಯ ಬಳಿ ಬಿಡದೆ, ಬೆನ್ನಿಗೆ ಕಟ್ಟಿಕೊಂಡೇ ಟೀ ಎಲೆ ಕೀಳಲು ಹೋಗತೊಡಗಿದಳು. ಮನೆಯಲ್ಲಿದ್ದರೆ ಕೂಸಿದ್ದ ಕೋಣೆಗೆ ಅಗಳಿ. ಗಂಡ ರಂಗನಾಥನ್ ಯಾಕೆಂದು ಕೇಳಿದಾಗ ಚಳಿ ಎಂದಳು. ವರದಿಯನ್ನು ಅವನು ಓದಿದ್ದ, ಮತ್ತೆ ಕೇಳಲಿಲ್ಲ. ಅಭಿನಯಾ ಮೊದಮೊದಲು ಬಾಗಿಲು ತಟ್ಟುತ್ತಿದ್ದಳು. ಎರಡು ವಾರ ಕಳೆದ ಮೇಲೆ ತಟ್ಟುವುದನ್ನೂ ಬಿಟ್ಟಳು.

ಕೇಂದ್ರದಲ್ಲಿ ಜಾಗ ಸಿಗಲಿಲ್ಲ. ಬೇರೆ ಮಕ್ಕಳಿಗೆ ಅಪಾಯವೆಂದು ಬರೆದಿರುವ ಮಗುವನ್ನು ನೋಡಿಕೊಳ್ಳುವಷ್ಟು ಆಯಾಗಳು ತಮ್ಮಲ್ಲಿಲ್ಲ ಎಂದು ಅಲ್ಲಿಯವರು ಫೋನಿನಲ್ಲಿ ಹೇಳಿದರು. ತಂಗಮಣಿ ಶಾಲೆಗೆ ಹೋಗಿ, ಆ ಒಂದು ಸಾಲನ್ನು ಹೊಡೆದುಹಾಕಿ ಎಂದು ಬೇಡಿಕೊಂಡಳು. ಕಂಪ್ಯೂಟರಿಗೆ ಏರಿಸಿ ಆಗಿದೆ ಎಂದರು ವಸಂತಾಮಣಿ. "ನೀವೂ ಒಪ್ಪಿದ್ದಿರಲ್ಲ?"

ಒಪ್ಪಿರಲಿಲ್ಲ ಎನ್ನಲು ಬಾಯಿ ತೆರೆದಳು. ಅಗಳಿ ಹಾಕಿದ ಬಾಗಿಲು ನೆನಪಾಯಿತು. ಎದ್ದು ಬಂದಳು.

ಮನೆಗೆ ಬಂದು ಕೂಸನ್ನು ಅಭಿನಯಾಳ ಮಡಿಲಲ್ಲಿ ಇಟ್ಟಳು. "ಹಿಡ್ಕೋ, ನಿನ್ನ ತಂಗೆ."

ಅಭಿನಯಾ ಎರಡೂ ಕೈಗಳನ್ನು ಬೆನ್ನ ಹಿಂದೆ ಸರಿಸಿದಳು. "ನಾ ಮುಟ್ಟೋದಿಲ್ಲೆ, ಅವ್ವೆ."

ತಂಗಮಣಿ ಮತ್ತೆ ಮತ್ತೆ ಹೇಳಿದಳು, ರಮಿಸಿದಳು. ಹುಡುಗಿ ಗೋಡೆ ನೋಡುತ್ತ ಕುಳಿತಳು. ಕೂಸು ಮೊಣಕಾಲಿನ ಮೇಲಿಂದ ಜಾರತೊಡಗಿತು. ಕೊನೆಗೆ ತಾಯಿಯೇ ಬಾಗಿ ಅದನ್ನು ಹಿಡಿದುಕೊಂಡಳು.