ಆರು ಸಾಲು, ನೂರನಲವತ್ತಮೂರು ಸಾಲು

ಹೂವಿನ ಚಕ್ರ ಬಾಗಿಲಲ್ಲಿ ಸಿಕ್ಕಿಕೊಂಡಿತು. ಉದ್ದಪ್ಪ ಒಳಗಿನಿಂದ ಎಳೆದ, ಗ್ರಂಥಾಲಯದ ಜವಾನ ಹೊರಗಿನಿಂದ ತಳ್ಳಿದ. ಒಂದು ಎಳ್ಳಿನಷ್ಟೂ ಹೆಚ್ಚಿಸಿ ಹೇಳುತ್ತಿಲ್ಲ: ಆ ಚಕ್ರವನ್ನು ನೆಲಕ್ಕೆ ಹಾಸಿದ್ದರೆ ಅದರ ನಡುವೆ ಒಂದು ಸಂಸಾರ ಬಿಡಾರ ಹೂಡಬಹುದಿತ್ತು. ಅಂಗಡಿಯವನನ್ನು "ಇದಕ್ಕಿಂತ ದೊಡ್ಡದಿಲ್ವಾ?" ಎಂದು ಉದ್ದಪ್ಪ ಮೂರು ಸಲ ಕೇಳಿದ್ದ.

"ಸ್ವಲ್ಪ ಓರೆ ಮಾಡಿ ಸಾರ್," ಎಂದ ಜವಾನ. "ಚಿಕ್ಕದು ತಂದಿದ್ರೆ ಮೇಡಂ ಏನೂ ಬೇಜಾರು ಮಾಡ್ಕೋತಿರ್ಲಿಲ್ಲ."

"ನೀನು ತಳ್ಳಪ್ಪ."

ಚಕ್ರ ಒಳಗೆ ಬಂತು. ಬಂದ ಮೇಲೆ ನೋಡಿದರೆ ಇಡಲು ಜಾಗವೇ ಇಲ್ಲ. ಸಭಾಂಗಣದ ತುಂಬ ಹುಡುಗ ಹುಡುಗಿಯರು. ಕುರ್ಚಿಯ ಮೇಲೆ, ಕಿಟಕಿಯ ಕಟ್ಟೆಯ ಮೇಲೆ, ಮೆಟ್ಟಿಲ ಮೇಲೆ. ಬಿಳಿ ಬಟ್ಟೆ ಹೊದ್ದು ಮಲಗಿದ್ದ ಚುಟುಕಮ್ಮನ ಸುತ್ತ ಗಾಳಿಯೂ ಸರದಿಯಲ್ಲಿ ನಿಲ್ಲಬೇಕಾದ ಸ್ಥಿತಿ. ಉದ್ದಪ್ಪ ತಲೆ ಎಣಿಸಿದ. ಇನ್ನೂರು ದಾಟಿದ ಮೇಲೆ ಕೈಬಿಟ್ಟ. ನಾನು ಸತ್ತರೆ ಎಷ್ಟು ಜನ ಬಂದಾರು ಎಂದು ಲೆಕ್ಕ ಹಾಕಿದ. ಜವಾನನನ್ನು ಎರಡು ಸಲ ಎಣಿಸಿದರೂ ಹನ್ನೊಂದು ದಾಟಲಿಲ್ಲ. ಸತ್ತವಳ ಮೇಲೂ ಹೊಟ್ಟೆ ಉರಿಯುತ್ತದೆಯೇ? ಉರಿಯುತ್ತದೆ. ಆ ಹೊಟ್ಟೆಯ ಉರಿಯಲ್ಲಿ ಅಷ್ಟೂ ಜನಕ್ಕೆ ಚಹಾ ಕಾಯಿಸಬಹುದಿತ್ತು.

ಗೋಡೆಯ ಗಡಿಯಾರದಲ್ಲಿ ಮೂರೂ ಹತ್ತು. ಐದಕ್ಕೆ ಇನ್ನೂ ಸಮಯವಿತ್ತು.

*

ಇಬ್ಬರೂ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಎದುರುಬದುರು ಮೇಜಿನವರು, ಹದಿನಾಲ್ಕು ವರ್ಷದಿಂದ. ಯಾವ ಪಾಠಕ್ಕೆ ಯಾವ ಪುಸ್ತಕ, ಯಾವ ಲೇಖನ ಓದಬೇಕು ಎಂದು ಪಟ್ಟಿ ಮಾಡಿ ಆನ್‌ಲೈನಿನಲ್ಲಿ ವಿದ್ಯಾರ್ಥಿಗಳಿಗೆ ಒದಗಿಸುವುದು ಅವರ ಕೆಲಸ. ಪುಟದ ಮೇಲ್ಭಾಗದಲ್ಲಿ 'ಮೊದಲ ಓದು'; ಅದು ಅವಳದು. ಅದರ ಕೆಳಗೆ 'ಹೆಚ್ಚಿನ ಓದು', ಅದು ಇವನದು.

ಅವಳು ಆರು ಸಾಲಿಗಿಂತ ಹೆಚ್ಚು ಕೊಟ್ಟವಳಲ್ಲ. ಪ್ರತಿ ಸಾಲಿನ ಪಕ್ಕ ಒಂದು ಮಾತು: "ಆರನೇ ಅಧ್ಯಾಯದಿಂದ ಶುರು ಮಾಡಿ. ಮೊದಲ ಐದರಲ್ಲಿ ಲೇಖಕರು ಗಂಟಲು ಸರಿಮಾಡಿಕೊಳ್ಳುತ್ತಾರೆ." ಇವನ ಪಟ್ಟಿಯೋ, ಇಳಿಸುತ್ತ ಹೋದರೆ ಬೆರಳಿಗೆ ಬೊಬ್ಬೆ ಬರಬೇಕು. 'ನಗರಗಳ ನೀರಿನ ಚರಿತ್ರೆ' ಎಂಬ ಒಂದೇ ಪಾಠಕ್ಕೆ ನೂರನಲವತ್ತಮೂರು ಸಾಲು. ಮೂಲೆ ಮೂಲೆಯ ಉಗ್ರಾಣ ಜಾಲಾಡಿ, ಧೂಳಿಗೆ ಸೀನಿ ಸೀನಿ ತಂದದ್ದು. ಹಾಗಾಗಿ ಅವಳು ಚುಟುಕಮ್ಮ, ಐದಡಿಯೂ ಇಲ್ಲದ ಇವನು ಉದ್ದಪ್ಪ. ಹೆಸರಿಟ್ಟ ಹುಡುಗರು ಯಾವಾಗಲೋ ಪಾಸಾಗಿ ಹೋದರು, ಹೆಸರು ಉಳಿಯಿತು.

ಪ್ರತಿ ಸಾಲಿನ ತುದಿಯಲ್ಲಿ, ಆ ವರ್ಷ ಎಷ್ಟು ಜನ ತೆರೆದರು ಎಂಬ ಅಂಕಿ ಬೀಳುತ್ತದೆ. ಅವಳ ಸಾಲುಗಳ ಪಕ್ಕ ನಾನೂರು, ನಾನೂರ ಹತ್ತು. ಇವನ ಸಾಲುಗಳ ಪಕ್ಕ ಒಂದು. ನೂರನಲವತ್ತಮೂರಕ್ಕೂ ಒಂದು. ಪ್ರತಿ ವರ್ಷವೂ, ಹೊಸದಾಗಿ, ಒಂದು.

ಉದ್ದಪ್ಪ ಬದುಕಿದ್ದೇ ಆ ಒಂದರ ಮೇಲೆ. ಎಲ್ಲೋ ಒಬ್ಬ ಮಹಾಮೇಧಾವಿ ಇದ್ದಾನೆ, ಒಂದನ್ನೂ ಬಿಡದೆ ಓದುತ್ತಾನೆ ಎಂದು ನಂಬಿದ್ದ. ದಪ್ಪ ಕನ್ನಡಕದ ಹುಡುಗ ಕಂಡರೆ ಸಾಕು, ಎದ್ದು ಕುರ್ಚಿ ಬಿಟ್ಟುಕೊಡುತ್ತಿದ್ದ.

"ನಿಮ್ಮದನ್ನ ನಾನೂರು ಜನ ಮೂಸಿ ನೋಡ್ತಾರೆ," ಎಂದು ಒಂದು ಮಧ್ಯಾಹ್ನ ಅವಳಿಗೇ ಹೇಳಿದ್ದ. "ನನ್ನದನ್ನ ಒಬ್ಬ ಪೂರ್ತಿ ಓದ್ತಾನೆ."

"ಹೌದು ಸಾರ್," ಎಂದಿದ್ದಳು ಚುಟುಕಮ್ಮ, ಪೆನ್ಸಿಲ್ ಕೆತ್ತುತ್ತ. "ಅವನಿಗೆ ಬೇರೆ ಕೆಲಸ ಇಲ್ಲ ಅಂತ ಕಾಣುತ್ತೆ."

*

"ಈ ವರ್ಷ ಮೇಡಂ ಪಟ್ಟಿನೇ ಕಾಣ್ತಿಲ್ಲ ಕಣೆ," ಎಂದು ಹಿಂದಿನ ಸಾಲಿನ ಹುಡುಗಿ ಗೆಳತಿಗೆ ಪಿಸುಗುಟ್ಟಿದಳು. "ಬರೀ ಆ ಉದ್ದಂದೇ ಇದೆ."

"ತೆರೆದು ನೋಡಿದ್ಯಾ?"

"ನೋಡಿದೆ. ಹೆದರಿ ಮುಚ್ಚಿದೆ."

ಉದ್ದಪ್ಪ ಹೂವನ್ನು ಸರಿಪಡಿಸುವವನಂತೆ ಬಗ್ಗಿದ. ಕಿವಿ ಕೆಂಡವಾಗಿತ್ತು.

*

ಮೂರು ವಾರದ ಹಿಂದೆ ಅವಳು ಆಸ್ಪತ್ರೆಯಿಂದ ಫೋನ್ ಮಾಡಿದ್ದಳು. "ಸಾರ್, ನಿಮ್ಮವನ್ನ ದಾಟಿಸುವಾಗ ನನ್ನವನ್ನೂ ದಾಟಿಸಿಬಿಡಿ. ಒಂದು ಗುಂಡಿ ಅಷ್ಟೆ."

ವರ್ಷ ಬದಲಾದಾಗ ಹಳೆಯ ಪಟ್ಟಿಗಳನ್ನು ಹೊಸ ವರ್ಷಕ್ಕೆ ದಾಟಿಸಬೇಕು. ದಾಟಿಸುವವರೆಗೆ ಅವು ಯಾರಿಗೂ ಕಾಣುವುದಿಲ್ಲ. ಗೊತ್ತುಪಡಿಸಿದ ದಿನ ಸಂಜೆ ಐದು ಹೊಡೆದರೆ ಅಳಿಸಿಯೇ ಹೋಗುತ್ತವೆ. ಆ ಗುಂಡಿ ಇರುವುದು ಗ್ರಂಥಾಲಯದ ಕಂಪ್ಯೂಟರಿನಲ್ಲಿ ಮಾತ್ರ. "ಆಯ್ತು, ಅದೇನು ಮಹಾ," ಎಂದಿದ್ದ ಉದ್ದಪ್ಪ. ತನ್ನವನ್ನು ದಾಟಿಸಿದ. ಅವಳ ಗುಂಡಿಯ ಮೇಲೆ ಬೆರಳಿಟ್ಟ. ಒಂದು ಯುಗವಾದರೂ ಇಟ್ಟಿರಬೇಕು. ಆಮೇಲೆ ಎದ್ದು ನೀರು ಕುಡಿಯಲು ಹೋದ.

ಒಂದು ವರ್ಷ, ಒಂದೇ ಒಂದು ವರ್ಷ, ಆ ಪುಟದಲ್ಲಿ ತಾನೊಬ್ಬನೇ ಇರಬೇಕೆಂಬ ಆಸೆ. ಅವಳು ಇಷ್ಟು ಬೇಗ ಹೋಗುತ್ತಾಳೆಂದು ಯಾರಿಗೆ ಗೊತ್ತಿತ್ತು?

ಗೊತ್ತುಪಡಿಸಿದ ದಿನ ಇವತ್ತೇ.

*

ಗಡಿಯಾರ ನಾಲ್ಕಕ್ಕೆ ಬಂತು. ಶವದ ಗಾಡಿ ಹೊರಡುವ ಹೊತ್ತು. ಚುಟುಕಮ್ಮನ ತಂಗಿ ಚಹಾದ ಲೋಟ ಹಿಡಿದು ಅವನೆದುರು ನಿಂತಳು.

"ನೀವು ಉದ್ದಪ್ಪನವರಲ್ವಾ?" ಎಂದವಳು ನಾಲಿಗೆ ಕಚ್ಚಿಕೊಂಡಳು. "ತಪ್ಪು ತಿಳೀಬೇಡಿ. ಮನೇಲಿ ಅಕ್ಕ ಹಾಗೇ ಅನ್ನೋಳು."

"ಎಲ್ಲರೂ ಹಾಗೇ ಅಂತಾರಮ್ಮ."

"ಅವಳಿಗೆ ನಿಮ್ಮ ಮೇಲೆ ಎಷ್ಟು ಹೊಟ್ಟೆಕಿಚ್ಚು ಗೊತ್ತಾ?"

ಉದ್ದಪ್ಪನಿಗೆ ಚಹಾ ನೆತ್ತಿಗೇರಿತು. ಕೆಮ್ಮಿನ ಸದ್ದಿಗೆ ಮುಂದಿನ ಎರಡು ಸಾಲು ತಿರುಗಿ ನೋಡಿದವು.

"ನನ್ನ ಮೇಲಾ?"

"'ಆ ಮನುಷ್ಯ ಎಲ್ಲೆಲ್ಲಿಂದ ಹುಡುಕಿ ತರ್ತಾರೆ ನೋಡೇ. ನಂಗೆ ಹುಡುಕೋಕೆ ಬರಲ್ಲ, ಅವರು ತಂದಿದ್ರಲ್ಲಿ ಆರಿಸೋದು ಬರುತ್ತೆ' ಅನ್ನೋಳು. ಪ್ರತಿ ವರ್ಷ ನಿಮ್ಮ ಪಟ್ಟಿನ ಮೊದಲನೇದರಿಂದ ಕೊನೇದರವರೆಗೂ ಓದೋಳು. ಊಟ ಆರಿ ತಣ್ಣಗಾದ್ರೂ ಏಳ್ತಿರ್ಲಿಲ್ಲ. ಅಷ್ಟೂ ಓದಿ ಆರು ಆರಿಸೋಳು."

ದಪ್ಪ ಕನ್ನಡಕದ ಮಹಾಮೇಧಾವಿ, ಹದಿನಾಲ್ಕು ವರ್ಷದ ಒಡನಾಡಿ, ಆ ಸಭಾಂಗಣದಲ್ಲೇ ಕಣ್ಣೆದುರು ಕರಗಿಹೋದ.

"ಮತ್ತೆ ನಂಗೆ ಯಾಕೆ ಹೇಳಲಿಲ್ಲ?"

"ನಾನೂ ಕೇಳಿದ್ದೆ. 'ಹೇಳಿದ್ರೆ ಅವರ ಆ ಒಬ್ಬ ಓದುಗ ಸತ್ತೇ ಹೋಗ್ತಾನೆ' ಅಂತ ನಕ್ಕಳು." ತಂಗಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಆಸ್ಪತ್ರೇಲೂ ನನ್ನ ಫೋನಿನಲ್ಲಿ ಓದ್ತಿದ್ಳು. 'ನಿನ್ನ ಪಟ್ಟಿ ಕಾಣಿಸ್ತಿಲ್ವಲ್ಲಕ್ಕ' ಅಂದೆ. 'ಅವರಿನ್ನೂ ಏನೋ ಹೊಸದು ಸೇರಿಸ್ತಿರಬೇಕು, ಮುಗಿಸಿ ದಾಟಿಸ್ತಾರೆ. ಅಷ್ಟರಲ್ಲಿ ನಂದೂ ಓದಿ ಮುಗಿಯುತ್ತೆ' ಅಂದಳು."

ಹೊರಗೆ ಗಾಡಿಯ ಬಾಗಿಲು ತೆರೆದ ಸದ್ದು. ಎಲ್ಲರೂ ಎದ್ದರು.

"ಬನ್ನಿ ಸಾರ್, ಗಾಡೀಲಿ ಜಾಗ ಇದೆ," ಎಂದ ಜವಾನ.

"ನೀವು ನಡೀರಿ. ಗ್ರಂಥಾಲಯದ ಬೀಗದ ಕೈ ಕೊಡು."

"ಇವತ್ತಾ? ಈಗ್ಲಾ?"

"ಕೊಡಪ್ಪ."

ಐದಡಿಯೂ ಇಲ್ಲದ ಮನುಷ್ಯ ಐವತ್ತೆಂಟನೇ ವಯಸ್ಸಿನಲ್ಲಿ ಓಡಿದ. ದಾರಿಯಲ್ಲಿ ಎರಡು ಬಸ್ಸು, ಒಂದು ನಾಯಿ, ಸಾವಿರ ಸೈಕಲ್ಲು ಹಿಂದೆ ಬಿದ್ದವು. ಒಂದು ಚಪ್ಪಲಿಯೂ ಬಿತ್ತು. ಅವಳ ಅಂತಿಮಯಾತ್ರೆ ಆ ಕಡೆಗೆ, ಅವನು ಈ ಕಡೆಗೆ.

ಖಾಲಿ ಗ್ರಂಥಾಲಯ. ಎದುರಿನ ಮೇಜಿನ ಮೇಲೆ ಕೆತ್ತಿದ ಪೆನ್ಸಿಲು. ಕಂಪ್ಯೂಟರ್ ಅವತ್ತು ಬೇಕೆಂದೇ ಆಮೆಯ ಹೆಜ್ಜೆಯಲ್ಲಿ ಎಚ್ಚರಗೊಂಡಿತು. ಐದಕ್ಕೆ ನಾಲ್ಕು ನಿಮಿಷ. ಅವಳ ಪಟ್ಟಿಗಳೆಲ್ಲವನ್ನೂ ಗುರುತು ಮಾಡಿ 'ದಾಟಿಸು' ಒತ್ತಿದ.

'ನಗರಗಳ ನೀರಿನ ಚರಿತ್ರೆ'ಯ ಪುಟದ ನೆತ್ತಿಯ ಮೇಲೆ ಅವಳ ಆರು ಸಾಲು ಬಂದು ಕುಳಿತವು. ನೋಡುತ್ತಿದ್ದಂತೆಯೇ ಅಂಕಿ ಅಲುಗಿತು. ಒಂದು. ನಾಲ್ಕು. ಹನ್ನೊಂದು. ಗಾಡಿಯ ಹಿಂದೆ ನಡೆಯುತ್ತಲೇ ಯಾರೋ ಫೋನ್ ತೆರೆದಿರಬೇಕು.

ಉದ್ದಪ್ಪ ಪುಟವನ್ನು ಕೆಳಗಿಳಿಸಿದ, ತನ್ನ ಸಾಲುಗಳಿಗೆ. ಮೊದಲನೆಯದರ ಪಕ್ಕ ಎರಡು. ಆ ಹೆದರಿದ ಹುಡುಗಿಯದೂ ಸೇರಿ. ಅಲ್ಲಿಂದ ಮುಂದೆ ಒಂದು, ಒಂದು, ಒಂದು. ಬೆರಳಿಟ್ಟು ಸಾಲು ಸಾಲಾಗಿ ಇಳಿದ. ಮೂವತ್ತೈದು, ಒಂದು. ಮೂವತ್ತಾರು, ಒಂದು. ಮೂವತ್ತೇಳು, ಒಂದು.

ಮೂವತ್ತೆಂಟರ ಪಕ್ಕ ಸೊನ್ನೆ. ಅದರ ಕೆಳಗೆ, ನೂರನಲವತ್ತಮೂರರವರೆಗೂ, ಸೊನ್ನೆ.