ಕೊನೆಯಾಸೆಯ ಕೋಟಾ

ರಜೆಯ ದಿನ ಮಧ್ಯಾಹ್ನ ಹಲ್ಲಿನ ಡಾಕ್ಟರ ಕ್ಲಿನಿಕ್ಕಿಗೆ ಬಾ ಎಂದು ಭಾವ ಫೋನು ಮಾಡಿದಾಗ ಅವಳು, “ನಂಗೆ ಹಲ್ಲು ನೋವಿಲ್ಲವಲ್ಲ” ಎಂದಳು. ಭಾವ ಗಟ್ಟಿಯಾಗಿ ನಕ್ಕರು. ಗಂಡ ತೀರಿಕೊಂಡ ಮೇಲೆ ಅವಳು ಏನು ಹೇಳಿದರೂ ಅವನ ಕಡೆಯವರು ಒಂದೋ ನಗುತ್ತಿದ್ದರು, ಇಲ್ಲವೇ ಕಣ್ಣೊರೆಸಿಕೊಳ್ಳುತ್ತಿದ್ದರು.

“ಗಾಲ್ಫ್ ಟ್ರಿಪ್ಪಿನ ವಿಷ್ಯ ಕಣಮ್ಮ. ಸಮುದ್ರದ ದಂಡೆ ಮೇಲಿರೋ ಮೈದಾನಗಳನ್ನ ಆರಿಸ್ತಿದೀವಿ. ನಿನ್ನ ಗಂಡನ ನೆನಪಿಗೆ ಅಂತ್ಲೇ ಹೋಗ್ತಿರೋದು. ನೀನಿಲ್ದೆ ಹೇಗೆ?”

ಚಪ್ಪಲಿ ಮೆಟ್ಟುತ್ತಿದ್ದವಳನ್ನು ಅತ್ತೆ ಎಲ್ಲಿಗೆ ಎಂದು ವಿಚಾರಿಸಿದರು. ಹೇಳಿದಳು.

“ಕೋಲು ಹೊತ್ಕೊಂಡು ಹುಲ್ಲು ಕೆರೆಯೋಕೆ ಸಮುದ್ರದ ತನಕ ಹೋಗ್ಬೇಕಾ? ನನ್ನ ದೊಡ್ಡ ಮಗ ಮನೆ ಮುಂದೆ ಒಂದು ದಿನ ಕಳೆ ಕಿತ್ತವನಲ್ಲ” ಎಂದು ಅತ್ತೆ ಗೋಡೆಯ ಕಡೆ ಹೊರಳಿ ಮಲಗಿದರು.

ಕ್ಲಿನಿಕ್ಕು ಬೂಟಿನ ಅಂಗಡಿಯ ಮೇಲಿತ್ತು. ಮೆಟ್ಟಿಲ ಅರ್ಧದವರೆಗೆ ಹೊಸ ಚರ್ಮದ ವಾಸನೆ, ಅಲ್ಲಿಂದಾಚೆ ಲವಂಗದೆಣ್ಣೆಯದು. ಒಳಕೋಣೆಯಲ್ಲಿ ಹಲ್ಲು ಕೀಳುವ ಸಾಮಾನುಗಳ ಟ್ರಾಲಿ ಖಾಲಿ ಮಾಡಿ ಅದರ ಮೇಲೆ ಕರಾವಳಿಯ ನಕ್ಷೆ ಹರಡಿದ್ದರು. ಫ್ಯಾನಿನ ಗಾಳಿಗೆ ಹಾರದಿರಲೆಂದು ನಾಲ್ಕು ಮೂಲೆಗೂ ರೋಗಿಗಳ ಬಾಯಿಯಿಂದ ಅಚ್ಚು ತೆಗೆದ ಪ್ಲಾಸ್ಟರಿನ ದವಡೆಗಳನ್ನು ಇಟ್ಟಿದ್ದರು. ಐದನೆಯದೊಂದು ಪುಟ್ಟ ದವಡೆ ನಕ್ಷೆಯ ನಡುವೆ ಬಾಯಿ ತೆರೆದು ಕೂತಿತ್ತು.

ಭಾವ ಮತ್ತು ಕಂಟ್ರಾಕ್ಟರು ಗಾಲಿ ಸ್ಟೂಲುಗಳನ್ನು ಹಿಡಿದು ಕೂತಿದ್ದರು. ಕಂಟ್ರಾಕ್ಟರನ್ನು ಈ ಗುಂಪಿನಲ್ಲಿ ಸಿಮೆಂಟು ಎಂದೇ ಕರೆಯುವುದು. ಡಾಕ್ಟರು ಕಿಟಕಿಗೆ ಒರಗಿ, ಗಾಲ್ಫ್ ಚೆಂಡನ್ನು ಕೂರಿಸುವ ಮರದ ಮೊಳೆಯಿಂದ ಹಲ್ಲುಸಂದಿ ಕೆದಕಿಕೊಳ್ಳುತ್ತಿದ್ದರು.

“ಬಾ ತಾಯಿ. ಆ ಕುರ್ಚೀಲೇ ಕೂತ್ಕೋ, ಬೇರೆ ಇಲ್ಲ. ಇವತ್ತು ಕೀಳಲ್ಲ, ಹೆದರ್ಬೇಡ.”

ಅದು ರೋಗಿಯ ಕುರ್ಚಿ. ಕೂತರೆ ತಾನಾಗಿಯೇ ಬೆನ್ನು ಹಿಂದಕ್ಕೆ ವಾಲುತ್ತಿತ್ತು. ಅವಳು ಎರಡೂ ತೋಳುಗಳನ್ನು ಹಿಡಿದು ನೆಟ್ಟಗೆ ಕೂತಳು.

ಈ ಮೂವರ ಜೊತೆಗೆ ನಾಲ್ಕನೆಯವನಾಗಿ ಅವಳ ಗಂಡ ಪ್ರತಿ ವಾರ ಊರ ಹೊರಗಿನ ಮೈದಾನದಲ್ಲಿ ಆಡುತ್ತಿದ್ದ. ಸಮುದ್ರದ ಕಡೆಯ ಮೈದಾನಗಳ ಹುಚ್ಚು ಮೊದಲು ಹಿಡಿದಿದ್ದು ಅವನಿಗೆ. ಹೊಲ ಮುಗಿದು ಸಮುದ್ರ ಶುರುವಾಗುವ ನಡುವೆ ಯಾವ ಬೆಳೆಗೂ ಬಾರದ ಮರಳುದಿಬ್ಬದ ನೆಲ ಇರುತ್ತದೆ, ಅದಕ್ಕೇ ಲಿಂಕ್ಸ್ ಅನ್ನುವುದು, ಎಂದು ಊಟದ ತಟ್ಟೆಯಲ್ಲೇ ದಿಬ್ಬ ಮಾಡಿ ತೋರಿಸುತ್ತಿದ್ದ. ಒಳ್ಳೆಯ ಲಿಂಕ್ಸ್‌ನಲ್ಲಿ ದಿಬ್ಬದ ಮರೆಗೆ ಸಮುದ್ರ ಕಾಣುವುದೇ ಇಲ್ಲವಂತೆ, ಬರೀ ಕೇಳಿಸುವುದಂತೆ. ಅವನು ಆರಿಸಿಕೊಂಡಿದ್ದು ಒಂದೇ ಒಂದು. ಇವರು ಅದಕ್ಕೆ ಕುರಿಮೈದಾನ ಎಂದು ಹೆಸರಿಟ್ಟಿದ್ದರು.

“ಇದು ನೋಡಿ ಅತ್ತಿಗೆ,” ಸಿಮೆಂಟು ಮೊಬೈಲು ಚಾಚಿದರು. “ಎಲ್ಲಿ ನಿಂತ್ರೂ ಸಮುದ್ರ ಕಾಣುತ್ತೆ. ರೂಮಿನ ಬಾತ್‌ಟಬ್ಬಲ್ಲಿ ಮಲಗಿದ್ರೂ ಕಾಣುತ್ತಂತೆ.”

“ಇದು ಬಂಡೆ ಮೇಲಿದೆ. ಲಿಂಕ್ಸ್ ಅಲ್ಲ.”

“ಸಮುದ್ರದ ಪಕ್ಕ ಇದ್ಯಲ್ಲ, ಸಾಕು ಬಿಡಿ. ಮೀನಿಗೇನು ಗೊತ್ತಾಗುತ್ತಾ?”

ಮೂವರೂ ನಕ್ಕರು. ಸಿಮೆಂಟಿನ ಬೆರಳಿನ ಜಿಡ್ಡು ಮೊಬೈಲಿನ ನೀಲಿ ಸಮುದ್ರದ ಮೇಲೆ ಉದ್ದಕ್ಕೆ ಬಳಿದುಕೊಂಡಿತ್ತು.

“ಕುರಿಮೈದಾನ ಕೈಬಿಟ್ವಮ್ಮ,” ಎಂದರು ಭಾವ. “ಬಿಸಿನೀರಿಲ್ಲ. ಕಕ್ಕಸು ಅಂದ್ರೆ ತಗಡಿನ ಶೆಡ್ಡು. ಹೊಡೆದ ಚೆಂಡು ಗಾಳಿಗೆ ಹೊಡೆದವನ ಮೂತಿಗೇ ವಾಪಸ್ ಬರುತ್ತಂತೆ. ಕಾಲಿಟ್ಟಲ್ಲೆಲ್ಲ ಕುರಿ ಹಿಕ್ಕೆ. ಪಾಪ, ನಮ್ಮ ತಮ್ಮಂಗೆ ಟೇಸ್ಟೇ ಇರ್ಲಿಲ್ಲ.” ಅವಳ ಕಡೆ ನೋಡಿ ಸೇರಿಸಿದರು, “ಹೆಣ್ಣು ಆರಿಸೋದ್ರಲ್ಲಿ ಒಂದು ಬಿಟ್ಟು.”

ಅವರು ಪುಟ್ಟ ದವಡೆಯನ್ನು ಎತ್ತಿ, ನಕ್ಷೆಯ ಮೇಲ್ತುದಿಯಲ್ಲಿ, ಎಲ್ಲರೂ ಹೆಸರು ಕೇಳಿರುವ ಹಳೇ ಮೈದಾನದ ಮೇಲೆ ಇಟ್ಟರು. ಆಗ ಅವಳು ಭಾವನ ಎಡಗೈ ನೋಡಿದಳು. ಗಂಡನ ಗ್ಲೌಸು ಹಾಕಿಕೊಂಡಿದ್ದರು.

“ಅದೆಲ್ಲಿಂದ ಬಂತು?”

“ಇದಾ? ಅವತ್ತು ಅವನ ಬ್ಯಾಗು ತಗೊಂಡ್ಹೋದ್ನಲ್ಲ, ಅದ್ರಲ್ಲಿತ್ತು. ಅಳತೆ ನೋಡ್ತಿದ್ದೆ. ಸ್ವಲ್ಪ ಬಿಗಿ.”

ಬೆವರು ಒಣಗಿ ಗಟ್ಟಿಯಾದ ಬಿಳಿ ಚರ್ಮ. ಹೆಬ್ಬೆರಳಿನ ಬುಡದಲ್ಲಿ ಗಂಡನ ಹಿಡಿತದ ಮಡಿಕೆ ಇತ್ತು. ಅದರೊಳಗೆ ಈಗ ಭಾವನ ದಪ್ಪ ಬೆರಳು ಆಡುತ್ತಿತ್ತು. ಅವಳಿಗೆ ಅಳು ಬರಲಿಲ್ಲ. ಅನ್ನದಲ್ಲಿ ಕೂದಲು ಸಿಕ್ಕಂತೆ ಆಯಿತು.

“ತೆಗೀರಿ ಭಾವ.”

ಭಾವ ಎಳೆದರು, ಬರಲಿಲ್ಲ. ನಡುಬೆರಳಿನ ತುದಿ ಹಲ್ಲಲ್ಲಿ ಕಚ್ಚಿ ಎಳೆದರು. ಗ್ಲೌಸು ಒಳಮೈ ಹೊರಗಾಗಿ ಕಳಚಿ ನಕ್ಷೆಯ ಮೇಲೆ ಬಿತ್ತು. ಒದ್ದೆಯಾಗಿತ್ತು. ಅವಳು ಅದನ್ನು ಮುಟ್ಟಲಿಲ್ಲ.

“ಈಗ ವಿಷ್ಯಕ್ಕೆ ಬರೋಣ,” ಡಾಕ್ಟರು ಮೊಳೆಯನ್ನು ಜೇಬಿಗೆ ಹಾಕಿಕೊಂಡರು. “ಹಳೇ ಮೈದಾನದಲ್ಲಿ ನಮ್ಮಂಥವರ ಸರದಿ ಬರೋಷ್ಟ್ರಲ್ಲಿ ನನ್ನ ಹಲ್ಲೂ ಉದುರಿರುತ್ತೆ. ಆದ್ರೆ ಅವ್ರದ್ದೊಂದು ಪದ್ಧತಿ ಇದೆ ತಾಯಿ. ಯಾರಾದ್ರೂ ಸಾಯೋವಾಗ, ಅಲ್ಲಿ ಆಡ್ಬೇಕಿತ್ತು ಅಂತ ಆಸೆಪಟ್ಟು ಹೋಗಿದ್ರೆ, ಅವ್ರ ಕಡೆಯವರಿಗೆ ಸರದಿ ಇಲ್ದೆ ಜಾಗ. ನಾನು ಆಗ್ಲೇ ಬರೆದುಹಾಕಿದೀನಿ. ಆಸ್ಪತ್ರೇಲಿ ನನ್ನ ಕೈ ಹಿಡ್ಕೊಂಡು ಹೇಳ್ದ ಅಂತ.”

“ನೀವು ಆಸ್ಪತ್ರೆಗೆ ಬಂದಿರ್ಲಿಲ್ಲವಲ್ಲ ಡಾಕ್ಟ್ರೇ.”

“ಮನಸ್ಸಲ್ಲಿ ಬಂದಿದ್ದೆ.”

ಸಿಮೆಂಟು ಹೂಂ ಹೂಂ ಎಂದು ತಲೆಯಾಡಿಸಿದರು. ತಾವೂ ಮನಸ್ಸಲ್ಲೇ ಬಂದಿದ್ದವರ ಹಾಗೆ.

“ಅಲ್ಲಿಯ ಕಾರ್ಯದರ್ಶಿ ಈಗ ಫೋನ್ ಮಾಡ್ತಾರೆ,” ಭಾವ ಸ್ಟೂಲು ಹತ್ತಿರ ಉರುಳಿಸಿಕೊಂಡರು. “ಹೆಂಡ್ತಿ ಬಾಯಿಂದ್ಲೇ ಕೇಳ್ಬೇಕಂತೆ. ಹೌದು, ಅದೇ ಅವ್ರ ಕೊನೇ ಆಸೆ ಅನ್ನು, ಮುಗೀತು. ಸ್ವಲ್ಪ ಗಂಟಲು ಕಟ್ಟಿದ ಹಾಗಿದ್ರೆ ಒಳ್ಳೇದು. ನಿಂಗೇನು ಕಷ್ಟವಾ?”

“ಅವ್ರು ಹಾಗೆ ಹೇಳ್ಲಿಲ್ಲ.”

“ಹೇಳ್ಲಿಲ್ಲ ಅಂತ ನಮಗೂ ಗೊತ್ತು. ಹೇಳ್ದ ಅಂದ್ರೆ ಹೋದವನಿಗೆ ಏನು ನಷ್ಟ ಹೇಳು? ಅವನ ಹೆಸರು ಹಾಕಿಸಿ ಟೀ ಶರ್ಟ್ ಬೇರೆ ಹೊಲೆಸ್ತಿದೀವಿ.”

“ಹಳದಿ,” ಎಂದರು ಸಿಮೆಂಟು. “ಫೋಟೋದಲ್ಲಿ ಎದ್ದು ಕಾಣ್ಲಿ ಅಂತ.”

ಅವಳಿಗೆ ನೆನಪಿಗೆಂದು ಉಳಿದಿದ್ದ ಮಾತುಗಳೇ ಕಡಿಮೆ. ಕೊನೆಯ ವಾರವೆಲ್ಲ ಅವನು ಹೆಚ್ಚು ಆಡಿರಲಿಲ್ಲ. ಆಡಿದ ಕಡೆಯ ಮಾತನ್ನು ಅವಳು ಯಾರಿಗೂ ಹೇಳಿರಲಿಲ್ಲ. ದೊಡ್ಡ ಮಾತೇನೂ ಅಲ್ಲ, ಆದರೆ ಅವಳಿಗೆಂದೇ ಆಡಿದ್ದು. ಈಗ ತಾನು ಹೌದು ಅಂದರೆ ಆ ಮಾತಿನ ಜಾಗದಲ್ಲಿ ಇವರದು ಕೂರುತ್ತದೆ. ಇವರು ಅದನ್ನು ಅಲ್ಲಿ ಹೇಳುತ್ತಾರೆ, ಇಲ್ಲಿ ಹೇಳುತ್ತಾರೆ, ಕುಡಿದಾಗ ಹೇಳುತ್ತಾರೆ. ಬರುಬರುತ್ತಾ ಅದೇ ನಿಜವಾಗುತ್ತದೆ.

ಫೋನು ಬಡಿದುಕೊಂಡಿತು. ಡಾಕ್ಟರು ಅದನ್ನು ಸ್ಪೀಕರಿಗೆ ಹಾಕಿ ಅವಳ ಮುಂದೆ ಹಿಡಿದರು. ಇನ್ನೊಂದು ಕೈ ಅಭ್ಯಾಸದಂತೆ ತಲೆಯ ಮೇಲಿನ ದೀಪ ಹಾಕಿತು. ಬೆಳಕು ನೇರ ಅವಳ ಬಾಯಿಯ ಮೇಲೆ ಬಿತ್ತು.

ಆಚೆಯದು ವಯಸ್ಸಾದ ಗಂಡಸಿನ ದನಿ. ಮೊದಲು ಸಂತಾಪ ಹೇಳಿತು. ಆಮೇಲೆ ಕೇಳಿತು: “ಕ್ಷಮಿಸಿ ಅಮ್ಮಾ, ನಮ್ಮ ನಿಯಮ, ಕೇಳ್ಲೇಬೇಕು. ನಿಮ್ಮ ಯಜಮಾನರು ಕೊನೇದಾಗಿ ಏನು ಆಸೆಪಟ್ರು?”

ಭಾವ ತುಟಿಯಲ್ಲೇ ಉತ್ತರ ಆಡಿ ತೋರಿಸುತ್ತಿದ್ದರು.

“ಸಾಕ್ಸ್ ತೆಗಿ ಅಂದ್ರು,” ಎಂದಳು ಅವಳು. “ಕಾಲು ಸೆಕೆ ಅಂದ್ರು. ತೆಗೆದೆ. ಆಮೇಲೆ ಏನೂ ಕೇಳ್ಲಿಲ್ಲ.”

ಆಚೆಯಿಂದ ಗಾಳಿಯ ಸದ್ದಿನ ನಡುವೆ ಆ ದನಿ ಬಂತು.

“ನಮ್ಮ ಮೈದಾನದ ವಿಷಯ...?”

“ನಿಮ್ಮಲ್ಲಿ ಚೆಂಡಿಗಿಂತ ಫೋಟೋ ಹೊಡೆಯೋರೇ ಜಾಸ್ತಿ ಅಂತಿದ್ರು. ಬರೋ ಇಷ್ಟ ಇರ್ಲಿಲ್ಲ.”

“ಅದು ನಿಜ ಅಮ್ಮಾ,” ಎಂದಿತು ಮುದುಕನ ದನಿ. “ನಿಮಗೆ ತೊಂದ್ರೆ ಕೊಟ್ಟೆ.” ಫೋನು ಕಟ್ಟಾಯಿತು.

ಭಾವನ ಮುಖ ಕೆಂಪಾಯಿತು. “ಒಂದು ‘ಹೌದು’ ಅನ್ನೋಕೆ ನಿನ್ನ ಬಾಯಿ ಸವೀತಿತ್ತಾ? ಅದೂ ಎಂಥ ಮಾತು, ಸಾಕ್ಸು! ಮರ್ಯಾದೆ ಇದ್ಯಾ ಅದಕ್ಕೆ? ಸತ್ತವನ ಮಾನ ಕಳೆದೆ ನೀನು.”

“ಅತ್ತಿಗೆಗೆ ಇನ್ನೂ ಶಾಕ್ ಇಳಿದಿಲ್ಲ, ಬಿಡಿ,” ಎಂದರು ಸಿಮೆಂಟು ನಕ್ಷೆಯ ಮೇಲೆ ಬಾಗುತ್ತಾ. “ಹಳೇದು ಹೋಯ್ತು. ಹಾಗಾದ್ರೆ ಬಾತ್‌ಟಬ್ಬಿಂದೇ ಗಟ್ಟಿ ಮಾಡೋಣ್ವಾ?”

ಭಾವನ ಕಣ್ಣು ಒಂದು ಗಳಿಗೆ ಅವಳ ಮೇಲೆ ಉರಿದು, ಮೊಬೈಲಿನ ಕಡೆ ಇಳಿಯಿತು. “ಎಲ್ಲಿ, ತೋರ್ಸು.”

ಅವಳ ಬಾಯಿ ತುಂಬ ನೀರೂರಿತ್ತು, ವಾಂತಿಗೆ ಮುಂಚೆ ಬರುವಂಥದ್ದು. ನುಂಗಲು ಆಗಲಿಲ್ಲ. ಕುರ್ಚಿಯ ಪಕ್ಕದ ಬೇಸಿನ್ನಿನ ಕಡೆ ಬಾಗಿ ಉಗುಳಿದಳು. ಸದ್ದು ದೊಡ್ಡದಾಗಿಯೇ ಬಂತು. ಮೂವರೂ ಇತ್ತ ತಿರುಗಿದರು.

ಡಾಕ್ಟರ ಕೈ ತಾನಾಗಿಯೇ ಮುಂದೆ ಬಂದು ಗುಂಡಿ ಒತ್ತಿತು. ಕಾಗದದ ಲೋಟಕ್ಕೆ ನೀರು ತುಂಬಿತು.

“ಬಾಯಿ ಮುಕ್ಕಳಿಸಿ,” ಎಂದರು, ರೋಗಿಗಳಿಗೆ ಹೇಳುವ ದನಿಯಲ್ಲಿ.

ಅವಳು ಮುಕ್ಕಳಿಸಿದಳು. ಇನ್ನೊಂದು ಲೋಟ ಕೇಳಿ ಮತ್ತೆ ಮುಕ್ಕಳಿಸಿದಳು.